ಎಳ್ಳಿನಿಂದ ಟೊಮೆಟೊಗೆ ಬಂದ ತಿಗಣೆ: ಹೊಡೆಯಬೇಕೇ, ಬಿಡಬೇಕೇ?

ಪ್ರಶ್ನೆ: ಸಖರಾಯಪಟ್ಟಣದ ಹತ್ತಿರ ಅರ್ಧ ಎಕರೆಯಲ್ಲಿ ಟೊಮೆಟೊ ಹಾಕಿದ್ದೇನೆ. ನಾಟಿ ಮಾಡಿ ಐವತ್ತು ದಿನವಾಯಿತು. ಹದಿನೈದು ದಿನದಿಂದ ಗಿಡದ ತುದಿಯಲ್ಲಿ ಸೊಳ್ಳೆಯಷ್ಟು ಸಣ್ಣ ಹಸಿರು ಹುಳುಗಳು ಓಡಾಡುತ್ತಿವೆ. ಎಳೆಯ ಕಾಂಡದ ಮೇಲೆ ದಾರ ಬಿಗಿದಂತೆ ಕಂದು ಬಳೆ ಬಿದ್ದಿದೆ, ಬಾಗಿಸಿದರೆ ಅಲ್ಲಿಗೇ ಮುರಿಯುತ್ತದೆ. ಕೆಲವು ಗಿಡಗಳಲ್ಲಿ ಹೂ ಉದುರುತ್ತಿದೆ. ಔಷಧಿ ಅಂಗಡಿಯವರು ಇಮಿಡಾಕ್ಲೋಪ್ರಿಡ್ ಕೊಟ್ಟು ತಕ್ಷಣ ಹೊಡೆಯಿರಿ ಎಂದರು. ಕೃಷಿ ಪದವಿ ಓದುತ್ತಿರುವ ಮಗಳು ಫೋಟೊ ನೋಡಿ, ‘ಅಪ್ಪಾ, ಅದು ಬಿಳಿ ನೊಣ ತಿನ್ನುವ ಮಿತ್ರ ಕೀಟ, ಮುಟ್ಟಬೇಡಿ’ ಎನ್ನುತ್ತಾಳೆ. ಬೇರೆ ಹುಳು ತಿನ್ನುವ ಹುಳು ಗಿಡವನ್ನೇಕೆ ಚುಚ್ಚುತ್ತದೆ? ಯಾರ ಮಾತು ಕೇಳಲಿ? ಪಕ್ಕದ ಹೊಲದವರು ಎಳ್ಳು ಕಿತ್ತ ಮೇಲೆಯೇ ಇವು ಕಾಣಿಸಿಕೊಂಡವು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಹುಳುವಿನ ಜಾತಕ ಅಲ್ಲಿಯೇ ಇದೆ. ಭರಣಿ, ಕೃತ್ತಿಕೆ ಮಳೆಗೆ ಬಿತ್ತಿದ ಎಳ್ಳನ್ನು ನಮ್ಮ ಕಡೆ ಕಿತ್ತು ಒಣಗಲು ನಿಲ್ಲಿಸುವ ಹೊತ್ತಿಗೆ ಅದರ ಮೇಲೆ ಸಂಸಾರ ಹೂಡಿದ್ದ ಸಣ್ಣ ತಿಗಣೆಗಳೆಲ್ಲ ಒಮ್ಮೆಲೇ ಮನೆ ಕಳೆದುಕೊಳ್ಳುತ್ತವೆ. ಪಕ್ಕದಲ್ಲೇ ಹಸಿರಾಗಿ, ಅಂಟಂಟಾಗಿ, ಬಿಳಿ ನೊಣ ತುಂಬಿಕೊಂಡ ಟೊಮೆಟೊ ನಿಂತಿದ್ದರೆ ಅವು ಇನ್ನೆಲ್ಲಿಗೆ ಹೋಗಬೇಕು? ನೀವು ಕಳಿಸಿದ ಚಿತ್ರದಲ್ಲಿರುವುದು ನೆಸಿಡಿಯೊಕೋರಿಸ್ ಟೆನ್ಯುಯಿಸ್. 1895ರಲ್ಲಿ ರಾಯ್ಟರ್ ಎಂಬ ವಿಜ್ಞಾನಿ ಇದನ್ನು ಮೊದಲು ವಿವರಿಸಿದ. ನಮ್ಮ ದೇಶದಲ್ಲಿ ಇದು ಹಳೆಯ ಪರಿಚಯವೇ, ಹಿಂದೆ ಬೇರೆ ಹೆಸರಿನಲ್ಲಿ ಹೊಗೆಸೊಪ್ಪಿನ ಪೀಡೆ ಎಂದು ಪುಸ್ತಕಗಳಲ್ಲಿ ದಾಖಲಾಗಿತ್ತು. ಎಳ್ಳು, ಹೊಗೆಸೊಪ್ಪು, ಟೊಮೆಟೊ ಮೂರನ್ನೂ ಒಟ್ಟಿಗೆ ನೆನೆಸಿಕೊಂಡು ನೋಡಿ. ಮೂರರ ಮೈಮೇಲೂ ಸಣ್ಣ ರೋಮಗಳಿವೆ. ಟೊಮೆಟೊ ಕಟ್ಟಿ ಬಂದವರ ಕೈ ಹಳದಿ ಹಸಿರಾಗಿ ಅಂಟುವುದು ಆ ರೋಮಗಳ ರಸದಿಂದಲೇ. ಉಳಿದ ಸಣ್ಣ ಹುಳುಗಳು ಅದರಲ್ಲಿ ಕಾಲು ಸಿಕ್ಕಿಸಿಕೊಂಡು ಸಾಯುತ್ತವೆ, ಈ ತಿಗಣೆ ಮಾತ್ರ ಉದ್ದ ಕಾಲೂರಿಕೊಂಡು ಸಲೀಸಾಗಿ ಓಡಾಡುತ್ತದೆ. ಅಂಟಿಗೆ ಸಿಕ್ಕಿ ಸತ್ತ ಹುಳುಗಳನ್ನೂ ಬಿಡದೆ ಹೀರುತ್ತದೆ.

ಗುರುತು ಖಚಿತಪಡಿಸಿಕೊಳ್ಳಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವೊಂದು ಇರಲಿ. ಬೆಳೆದ ಹುಳು ಮೂರೂವರೆ ಮಿಲಿಮೀಟರಿನಷ್ಟು ಉದ್ದ, ತೆಳ್ಳಗೆ, ತಿಳಿ ಹಸಿರು. ತಲೆಯ ಹಿಂದೆ ಕತ್ತಿನ ಬಳಿ ಕಪ್ಪು ಗೀರು, ರೆಕ್ಕೆಯ ತುದಿಯಲ್ಲಿ ಕಂದು ಚುಕ್ಕೆ. ಮರಿಗಳಿಗೆ ರೆಕ್ಕೆಯಿಲ್ಲ, ಬಣ್ಣ ಹಳದಿಗೂ ಹಸಿರಿಗೂ ನಡುವಿನದು. ಅವಸರದಲ್ಲಿ ನೋಡಿದವರು ಅವನ್ನು ಹೇನು ಎಂದುಕೊಳ್ಳುತ್ತಾರೆ. ಆದರೆ ಸಸ್ಯಹೇನು ಕುಳಿತಲ್ಲೇ ಕುಳಿತಿರುತ್ತದೆ, ಇದು ಬೆರಳು ಹತ್ತಿರ ತಂದರೆ ಎಲೆಯ ಮರೆಗೆ ಸರ್ರನೆ ಸರಿಯುತ್ತದೆ. ಓಟ ನೋಡಿಯೇ ಅರ್ಧ ಗುರುತು ಹಿಡಿಯಬಹುದು.

ಈಗ ನಿಮ್ಮ ಮನೆಯ ವ್ಯಾಜ್ಯಕ್ಕೆ ಬರೋಣ. ಇದು ಪೀಡೆ ಎಂಬ ಅಂಗಡಿಯವರ ಎಣಿಕೆಯೂ ಸರಿ, ಮಿತ್ರ ಎಂಬ ಮಗಳ ಮಾತೂ ಸರಿ. ಇದು ಇಬ್ಬರನ್ನೂ ಸಮಾಧಾನ ಮಾಡುವ ಪಂಚಾಯಿತಿ ಮಾತಲ್ಲ. ನಮ್ಮ ಕೃಷಿ ಕಚೇರಿಗಳ ಗೋಡೆಯ ಮೇಲೆ ಒಂದು ಪಟ ನೇತಾಡುತ್ತಿರುತ್ತದೆ: ಎಡಕ್ಕೆ ಮಿತ್ರ ಕೀಟಗಳು, ಬಲಕ್ಕೆ ಶತ್ರು ಕೀಟಗಳು. ಅಂಥ ಪಟಗಳನ್ನು ಬರೆಸಿ ಹಂಚಿದವರಲ್ಲಿ ನಾನೂ ಒಬ್ಬ. ತೀರ ಗೊತ್ತಿಲ್ಲದವರಿಗೆ ಅದರಿಂದ ಉಪಕಾರವಾಗಿದೆ. ಆದರೆ ನಿಮ್ಮ ತಿಗಣೆಯನ್ನು ಯಾವ ಸಾಲಿಗೆ ಸೇರಿಸಬೇಕು ಎಂದು ಇವತ್ತು ಯಾರಾದರೂ ಕೇಳಿದರೆ, ‘ಈ ವಾರ ಯಾವ ಹೊಲದಲ್ಲಿ?’ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ.

ಇದರ ಕುಟುಂಬದವರನ್ನೇ ನೋಡಿ. ಮಿರಿಡೇ ಎಂಬ ಈ ತಿಗಣೆ ಕುಟುಂಬದಲ್ಲಿ ಗೇರು ಮತ್ತು ಚಹಾ ಚಿಗುರನ್ನು ಸುಟ್ಟಂತೆ ಮಾಡುವ ಚಹಾ ಸೊಳ್ಳೆಯೂ ಇದೆ. ಹೆಸರಿಗೆ ಸೊಳ್ಳೆ, ಜಾತಿಯಲ್ಲಿ ತಿಗಣೆ, ಕಸುಬು ಪೂರ್ತಿ ಗಿಡದ ರಸ. ಅದೇ ಕುಟುಂಬದ ಸಿರ್ಟೊರೈನಸ್ ಎಂಬ ಇನ್ನೊಂದು ಹಸಿರು ತಿಗಣೆ ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವಿನ ಮೊಟ್ಟೆಗಳನ್ನು ಹುಡುಕಿ ಹುಡುಕಿ ಹೀರುತ್ತದೆ, ಅದು ಗದ್ದೆಯ ದೊಡ್ಡ ಉಪಕಾರಿ. ಒಂದೇ ವಂಶದಲ್ಲಿ ಆ ತುದಿಗೆ ಒಬ್ಬ, ಈ ತುದಿಗೆ ಇನ್ನೊಬ್ಬ. ನಿಮ್ಮ ಹೊಲಕ್ಕೆ ಬಂದಿರುವುದು ನಡುವೆ ಕುಳಿತವನು.

ಹುಳು ತಿನ್ನುವವನಿಗೆ ಗಿಡದ ಹಂಗೇಕೆ ಎಂಬ ಪ್ರಶ್ನೆ ಒಳ್ಳೆಯದು. ಉತ್ತರ ಮೂತಿಯಲ್ಲಿದೆ. ತಿಗಣೆಗೆ ಅಗಿಯುವ ಬಾಯಿಲ್ಲ. ಕೂದಲಿಗಿಂತ ತೆಳ್ಳಗಿನ ನಾಲ್ಕು ಸೂಜಿಗಳು ಒಂದಕ್ಕೊಂದು ಅಂಟಿಕೊಂಡು ಎರಡು ಸಣ್ಣ ಕೊಳವೆಗಳಾಗುತ್ತವೆ. ಒಂದರಲ್ಲಿ ಜೊಲ್ಲು ಕೆಳಗಿಳಿಯುತ್ತದೆ, ಇನ್ನೊಂದರಲ್ಲಿ ರಸ ಮೇಲೇರುತ್ತದೆ. ಮಸೂರ ಹಿಡಿದು ಕಾದು ಕುಳಿತರೆ ಬೇಟೆ ನಿಮಗೇ ಕಾಣುತ್ತದೆ: ಎಲೆಯಡಿ ಅಂಟಿದ ಬಿಳಿ ನೊಣದ ಚಪ್ಪಟೆ ಮರಿಯನ್ನು ತಿಗಣೆ ಮೊದಲು ಮೀಸೆಯಿಂದ ತಟ್ಟಿ ನೋಡುತ್ತದೆ, ಮೂತಿಯನ್ನು ಲಂಬವಾಗಿ ಊರುತ್ತದೆ, ಆಮೇಲೆ ಅಲ್ಲಾಡದೆ ನಿಲ್ಲುತ್ತದೆ. ಇಳಿದ ಜೊಲ್ಲು ಮರಿಯ ಒಳಗನ್ನೆಲ್ಲ ಅಂಬಲಿ ಮಾಡುತ್ತದೆ, ತಿಗಣೆ ಅದನ್ನು ಎಳೆದುಕೊಳ್ಳುತ್ತದೆ. ಅದು ಎದ್ದು ಹೋದ ಮೇಲೆ ಉಳಿಯುವುದು ಹೊಟ್ಟಿನಂಥ ಸಿಪ್ಪೆ. ಹೀಗೆ ಉಣ್ಣಬೇಕಾದರೆ ಜೊಲ್ಲು ಬೇಕು, ಜೊಲ್ಲಿಗೆ ನೀರು ಬೇಕು. ಎಳ್ಳುಕಾಳಿಗಿಂತ ತುಸುವೇ ಉದ್ದದ ಮೈ ಬಿಸಿಲಿಗೆ ಬೇಗ ಆರುತ್ತದೆ. ಗಿಡವೇ ಇವಕ್ಕೆ ಕುಡಿಯುವ ನೀರಿನ ತೊಟ್ಟಿ. ಇದರ ಹತ್ತಿರದ ಸಂಬಂಧಿಯೊಂದರ ಮೇಲೆ ಕೆನಡಾದಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ: ಗಿಡವನ್ನೂ ನೀರನ್ನೂ ತಪ್ಪಿಸಿದರೆ, ಬೇಟೆ ಎದುರಿಗೇ ಇದ್ದರೂ ತಿಗಣೆಗೆ ಹೆಚ್ಚು ತಿನ್ನಲಾಗುವುದಿಲ್ಲ. ಹಾಗಾಗಿ ಹೊಟ್ಟೆ ತುಂಬಿದ ತಿಗಣೆಯೂ ಗಿಡವನ್ನು ಅಷ್ಟಿಷ್ಟು ಚುಚ್ಚಿಯೇ ಚುಚ್ಚುತ್ತದೆ.

ಇನ್ನೊಂದು ಕಾರಣ ಸಂತಾನ. ಹೆಣ್ಣು ಮೊಟ್ಟೆಗಳನ್ನು ಎಳೆಯ ಕಾಂಡ ಮತ್ತು ಎಲೆತೊಟ್ಟಿನ ಒಳಗೇ ಹುದುಗಿಸುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಔಷಧಿಯೂ ಸುಲಭಕ್ಕೆ ತಾಗುವುದಿಲ್ಲ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ರೆಕ್ಕೆಯ ಹುಳುವಾಗಲು ಸುಮಾರು ಮೂರು ವಾರ. ಇವತ್ತು ಹೊಡೆದು ಮೇಲಿನವನ್ನೆಲ್ಲ ಕೊಂದರೂ ಮುಂದಿನ ವಾರ ಕಾಂಡದೊಳಗಿನಿಂದ ಮರಿಗಳು ಹೊರಡುತ್ತವೆ. ಅಂಗಡಿಯವರು ಎರಡನೆಯ ಬಾಟಲಿ ಕೊಡುವುದು ಆಗಲೇ.

ಹಾಗಾದರೆ ಬಳೆ ಬೀಳುವುದು ಯಾವಾಗ? ಬಿಳಿ ನೊಣ ಹೇರಳವಾಗಿದ್ದಾಗ ತಿಗಣೆಯ ಚುಚ್ಚು ಅಲ್ಲೊಂದು ಇಲ್ಲೊಂದು, ಗಿಡಕ್ಕೆ ಅದರ ಪರಿವೆಯೇ ಇರುವುದಿಲ್ಲ. ಬೇಟೆ ತೀರಿದಂತೆಲ್ಲ ಹಸಿದ ಹುಳುಗಳು ಎಳೆಯ ಕಾಂಡವನ್ನು ಸುತ್ತುತ್ತಾ ಒಂದರ ಪಕ್ಕ ಒಂದು ಚುಚ್ಚುತ್ತವೆ. ಚುಚ್ಚಿದಲ್ಲೆಲ್ಲ ಜೀವಕೋಶ ಸತ್ತು, ಕಲೆಗಳು ಕೂಡಿ ಕಂದು ಉಂಗುರವಾಗುತ್ತದೆ. ಸ್ಪೇನಿನ ಟೊಮೆಟೊ ಬೆಳೆಯಲ್ಲಿ ಲೆಕ್ಕ ಹಾಕಿ ಇದನ್ನೇ ಕಂಡಿದ್ದಾರೆ: ತಿಗಣೆ ಹೆಚ್ಚಿದಷ್ಟೂ ಬಿಸಿಲು ಏರಿದಷ್ಟೂ ಉಂಗುರ ಹೆಚ್ಚು, ಬಿಳಿ ನೊಣ ಹೆಚ್ಚಿದ್ದಷ್ಟೂ ಉಂಗುರ ಕಡಿಮೆ. ಬೇಟೆ ಪೂರ್ತಿ ಮುಗಿದರೆ ಬರೀ ಟೊಮೆಟೊ ರಸ ಕುಡಿದು ಈ ತಿಗಣೆಯ ಮರಿಗಳು ಬೆಳೆದು ದೊಡ್ಡವಾಗುವುದು ಬಹಳ ಕಷ್ಟ, ಹೆಚ್ಚಿನವು ಸಾಯುತ್ತವೆ. ಅಷ್ಟರೊಳಗೆ ಎರಡು ಗೊಂಚಲು ಹೂ ಹೋಗಿರುತ್ತದೆ ಎನ್ನುವುದು ನಿಮ್ಮ ಕಷ್ಟ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಬೇಲೂರಿನ ಕಡೆ ಒಬ್ಬರ ನೆರಳುಪರದೆ ಮನೆಯಲ್ಲಿ ಇದೇ ತಿಗಣೆ ಕಂಡಾಗ, ‘ನಿಮ್ಮ ಅದೃಷ್ಟ, ಪುಕ್ಕಟೆ ಆಳುಗಳು ಬಂದಿದ್ದಾರೆ’ ಎಂದು ಬೆನ್ನು ತಟ್ಟಿ ಬಂದೆ. ಮೂರು ವಾರ ಬಿಟ್ಟು ಅವರು ಕರೆದರು. ಎಲೆ ಮಗುಚಿದರೆ ಒಂದು ಬಿಳಿ ನೊಣವೂ ಇಲ್ಲ, ಅಷ್ಟು ಚೊಕ್ಕ ಕೆಲಸ. ತುದಿಗಳೆಲ್ಲ ಬಳೆ ತೊಟ್ಟು ಬಾಗಿದ್ದವು, ನೆಲದ ಮೇಲೆ ಹಳದಿ ಹೂ ಚೆಲ್ಲಿತ್ತು. ಅವರು ಬೈಯಲಿಲ್ಲ, ಕಾಫಿ ಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಹುಳುವನ್ನು ಗುರುತಿಸಿದ್ದೆ, ಅದರ ಊಟದ ಲೆಕ್ಕ ಕೇಳಿರಲಿಲ್ಲ.

ಇದರ ಒಳ್ಳೆಯ ಮುಖವನ್ನೂ ಹೇಳದಿದ್ದರೆ ಮಗಳಿಗೆ ಅನ್ಯಾಯವಾಗುತ್ತದೆ. ಬಿಳಿ ನೊಣದ ಮೊಟ್ಟೆ, ಮರಿ, ಥ್ರಿಪ್ಸ್ ನುಸಿ, ಎಲ್ಲವೂ ಇದಕ್ಕೆ ಆಹಾರ. ಅದಕ್ಕಿಂತ ಮುಖ್ಯವಾದದ್ದು ಟೂಟಾ ಅಬ್ಸಲ್ಯೂಟಾ ಎಂಬ ಸಣ್ಣ ಚಿಟ್ಟೆ. ಕೋಲಾರದ ಕಡೆ ರೈತರು ಅದನ್ನು ಊಜಿ ಎನ್ನುತ್ತಾರೆ. ಅದರ ಹುಳು ಎಲೆಯೊಳಗೆ ಸುರಂಗ ಕೊರೆದು, ಕಾಯಿಗೆ ಸೂಜಿ ತೂತು ಮಾಡುತ್ತದೆ. ದಕ್ಷಿಣ ಅಮೆರಿಕದ ಈ ಪೀಡೆ 2006ರಲ್ಲಿ ಸ್ಪೇನಿಗೆ, 2014ರಲ್ಲಿ ಮಹಾರಾಷ್ಟ್ರದ ಮೂಲಕ ನಮ್ಮಲ್ಲಿಗೆ ಬಂತು. ಸ್ಪೇನಿನವರು ಆಗ ನೆಚ್ಚಿಕೊಂಡದ್ದು ನಿಮ್ಮ ಹೊಲದಲ್ಲಿರುವ ಇದೇ ತಿಗಣೆಯನ್ನು. ಅಲ್ಲಿ ಇದನ್ನು ಸಾಕಿ, ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ, ದುಡ್ಡು ಕೊಟ್ಟು ತಂದು ಬಿಡುತ್ತಾರೆ. ಅದೇ ಯುರೋಪಿನ ಉತ್ತರ ಭಾಗದ ಗಾಜಿನ ಮನೆಗಳ ಬೆಳೆಗಾರರು ಇದನ್ನು ಕಂಡರೆ ಪೀಡೆ ಎಂದು ಓಡಿಸುತ್ತಾರೆ. ಒಂದೇ ಖಂಡದಲ್ಲಿ ಅಂಗಡಿಯವರ ಪಕ್ಷ, ಮಗಳ ಪಕ್ಷ ಎರಡೂ ಇವೆ!

ಗಿಡ ಚುಚ್ಚುವುದರಲ್ಲೇ ಒಂದು ಲಾಭವಿದೆ ಎನ್ನುವುದು ನನ್ನನ್ನು ಈಗಲೂ ಬೆರಗಾಗಿಸುತ್ತದೆ. 2015ರಲ್ಲಿ ಸ್ಪೇನಿನ ಸಂಶೋಧಕರು ಈ ತಿಗಣೆ ಚುಚ್ಚಿದ ಟೊಮೆಟೊ ಗಿಡಗಳನ್ನು ಪರೀಕ್ಷಿಸಿದರು. ಚುಚ್ಚಿಸಿಕೊಂಡ ಗಿಡದ ಒಳಗಿನ ರಕ್ಷಣಾ ವ್ಯವಸ್ಥೆ ಎಚ್ಚೆತ್ತು ಅದರ ವಾಸನೆಯೇ ಬದಲಾಗುತ್ತದೆ. ಆ ಗಿಡವನ್ನು ಬಿಳಿ ನೊಣ ದೂರವಿಡುತ್ತದೆ, ಬಿಳಿ ನೊಣದ ಮರಿಯೊಳಗೆ ಮೊಟ್ಟೆಯಿಡುವ ಎನ್‌ಕಾರ್ಸಿಯಾ ಎಂಬ ಸಣ್ಣ ಕಣಜ ಅದನ್ನೇ ಹುಡುಕಿಕೊಂಡು ಬರುತ್ತದೆ. ಹೆಣ್ಣುಮಕ್ಕಳು ಮನೆ ಮುಂದೆ ಗದರಿಸಿದರೆ ಬೀದಿಯ ಉಳಿದ ಮನೆಗಳೂ ಬಾಗಿಲು ತೆರೆದು ನೋಡುವುದಿಲ್ಲವೇ, ಹಾಗೆ.

ಹೀಗೆ ಎರಡೂ ಕಡೆ ಕೈ ಹಾಕುವವರು ಇನ್ನೂ ಇದ್ದಾರೆ. ಮೆಣಸಿನಕಾಯಿ ಹೂವಿನೊಳಗೆ ನುಸಿ ಹಿಡಿಯುವ ಓರಿಯಸ್ ತಿಗಣೆ ಪರಾಗವನ್ನೂ ತಿನ್ನುತ್ತದೆ, ನಷ್ಟವಿಲ್ಲ. ಹಸಿರು ಜಾಲರೆಕ್ಕೆ ಕೀಟ ಮರಿಯಾಗಿದ್ದಾಗ ಹೇನುಗಳಿಗೆ ಹುಲಿ, ರೆಕ್ಕೆ ಬಂದ ಮೇಲೆ ಮಕರಂದ, ಪರಾಗ, ಅಂಟುರಸದಲ್ಲಿ ತೃಪ್ತ. ಮಲೆನಾಡಿನಲ್ಲಿ ಕಾಫಿ ಕೊಯ್ಯುವವರ ಕತ್ತಿಗೆ ಉದುರುವ ಚಗಳಿ ಇರುವೆ ದೊಡ್ಡ ಬೇಟೆಗಾರ, ಆದರೆ ಸಿಹಿ ಅಂಟಿನ ಆಸೆಗೆ ಶಲ್ಕಕೀಟಗಳನ್ನು ದನ ಕಾದಂತೆ ಕಾಯುತ್ತದೆ. ತೋಟದವರು ಅದನ್ನು ಉಪಕಾರಿಯ ಸಾಲಿಗೆ ಸೇರಿಸದಿರುವುದು ಕಡಿತದ ಸಿಟ್ಟಿನಿಂದ ಮಾತ್ರವಲ್ಲ. ಇನ್ನು ಹಾಸನದ ಆಲೂಗೆಡ್ಡೆ ರೈತರು ಆಗಾಗ ಕೇಳುವ ಗುಲಗಂಜಿ ಹುಳುವಿನ ಕಥೆ ಬೇರೆ. ಮೈ ಮಿನುಗುವ ಗುಲಗಂಜಿ ಹುಳುಗಳು ಹೇನು ತಿನ್ನುತ್ತವೆ, ಮೈಮೇಲೆ ನವುರು ರೋಮವಿದ್ದು ಮಂಕಾಗಿ ಕಾಣುವ ಇಪ್ಪತ್ತೆಂಟು ಚುಕ್ಕೆಯದು ಎಲೆಯನ್ನು ಜರಡಿ ಮಾಡುತ್ತದೆ. ಅವು ಎರಡು ಬೇರೆ ಜಾತಿಗಳು, ಒಂದೇ ಹುಳುವಿನ ಎರಡು ಬುದ್ಧಿಯಲ್ಲ. ನಿಮ್ಮ ತಿಗಣೆಯೊಂದಿಗೆ ಅದನ್ನು ಬೆರೆಸಬೇಡಿ.

ಇನ್ನು ಮಾಡಬೇಕಾದ ಕೆಲಸ. ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೊಲಕ್ಕೆ ಹೋಗಿ. ಆ ಹೊತ್ತಿನಲ್ಲಿ ತಿಗಣೆ ಮಂದವಾಗಿರುತ್ತದೆ. ಹಾವಿನ ನಡಿಗೆಯಲ್ಲಿ ಸಾಲುಗಳನ್ನು ದಾಟುತ್ತಾ ಇಪ್ಪತ್ತು ಗಿಡ ಆರಿಸಿಕೊಂಡು, ಬದುವಿನ ಗಿಡಗಳನ್ನು ಬೇರೆಯಾಗಿ ಲೆಕ್ಕ ಹಾಕಿ. ಎಳ್ಳಿನ ಹೊಲದ ಕಡೆಯ ಸಾಲುಗಳಲ್ಲೇ ಹುಳು ದಟ್ಟವಾಗಿದ್ದರೆ ನನಗೆ ಆಶ್ಚರ್ಯವಿಲ್ಲ. ತುದಿಯ ಕೆಳಗೆ ಬಿಳಿ ಹಾಳೆ ಹಿಡಿದು ಎರಡು ಬಾರಿ ತಟ್ಟಿ, ಬಿದ್ದ ತಿಗಣೆ ಎಣಿಸಿ. ನಂತರ ಮೇಲಿನ ಮೂರು ಎಲೆ, ನಡುವಿನ ಮೂರು ಎಲೆ ಮಗುಚಿ. ಮೇಲಿನವುಗಳಲ್ಲಿ ಬಿಳಿ ನೊಣ ಮತ್ತು ಮೊಟ್ಟೆ, ನಡುವಿನವುಗಳಲ್ಲಿ ಮರಿ ಸಿಗುತ್ತವೆ. ಮೂರನೆಯದಾಗಿ ಬಳೆ ಎಲ್ಲಿದೆ ನೋಡಿ. ಎಲೆತೊಟ್ಟಿನ ಮೇಲಷ್ಟೇ ಇದ್ದರೆ ಗಿಡ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೂತೊಟ್ಟಿನ ಮೇಲೆ, ಸುಳಿಯ ಕಾಂಡದ ಮೇಲೆ ಹತ್ತಿದ್ದರೆ ಕೆಲಸಕ್ಕೆ ಕೈ ಹಾಕಬೇಕು. ಹೂ ಉದುರಿದ ಗೊಂಚಲಿನಲ್ಲಿ ಉಳಿದ ಕಾಯಿಗಳು ದಪ್ಪವಾಗಿ ತೂಕ ಸರಿದೂಗಿಸಿದ ಉದಾಹರಣೆಗಳಿವೆ. ನಾಲ್ಕು ಹೂ ಬಿದ್ದ ತಕ್ಷಣ ಗಾಬರಿ ಬೇಡ. ಹೂ ಉದುರಲು ಬಿಸಿಲು, ಅತಿ ಮಳೆ, ಹೆಚ್ಚಾದ ಯೂರಿಯಾ ಸಹ ಕಾರಣವಾಗುತ್ತವೆ. ಉದುರಿದ ಹೂವಿನ ತೊಟ್ಟನ್ನು ಎತ್ತಿ ಮಸೂರದಡಿ ಹಿಡಿಯಿರಿ. ಕಂದು ಚುಕ್ಕೆಯಿಲ್ಲದಿದ್ದರೆ ಆ ಅಪವಾದವನ್ನು ತಿಗಣೆಯ ತಲೆಗೆ ಕಟ್ಟಬೇಡಿ.

ಬಿಳಿ ನೊಣ ಇನ್ನೂ ಹೇರಳವಾಗಿದ್ದು, ಬಳೆ ಹೂತೊಟ್ಟಿಗೆ, ಸುಳಿಗೆ ಏರದಿದ್ದರೆ ಕೈಕಟ್ಟಿ ಕುಳಿತುಕೊಳ್ಳಿ. ಒಂದು ಎಚ್ಚರಿಕೆ ಮಾತ್ರ: ಎಲೆ ಮುದುಡು ರೋಗದ ವೈರಸ್ಸನ್ನು ಹರಡಲು ಕೆಲವೇ ಬಿಳಿ ನೊಣ ಸಾಕು, ತಿಗಣೆ ಅದನ್ನು ಪೂರ್ತಿ ತಡೆಯಲಾರದು. ಮುದುಡಿದ ಗಿಡವನ್ನು ಕಿತ್ತು ಹೂಳುವುದು ನಿಮ್ಮ ಪಾಲಿನ ಕೆಲಸ.

ಎಲೆಯಡಿ ಬರಿದಾಗಿದ್ದು ತಿಗಣೆ ತುಂಬಿದ್ದರೆ, ಅಂದರೆ ಬೇಲೂರಿನಲ್ಲಿ ನಾನು ಕಂಡ ಸ್ಥಿತಿಯಿದ್ದರೆ, ಮೊದಲು ಕೈಯಿಂದಲೇ ಕಡಿಮೆ ಮಾಡಿ. ನೀವು ಹೇಗೂ ಕಂಕುಳ ಚಿಗುರು ಚಿವುಟುತ್ತೀರಿ. ಮೊಟ್ಟೆ, ಮರಿ ಹೆಚ್ಚಾಗಿ ಇರುವುದು ಅಂಥ ಎಳೆಯ ಭಾಗದಲ್ಲೇ. ಚಿವುಟಿದ್ದನ್ನು ಸಾಲಿನಲ್ಲಿ ಬಿಸಾಡದೆ ಚೀಲಕ್ಕೆ ತುಂಬಿ ಹೊಲದಾಚೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ತಿಗಣೆ ಬೇಕಾದ ದಿನಗಳಲ್ಲಿ ಇದಕ್ಕೆ ತಿರುವು ಮುರುವು: ಚಿವುಟಿದ ಚಿಗುರನ್ನು ನಾಲ್ಕಾರು ದಿನ ಸಾಲಿನಲ್ಲೇ ಬಿಟ್ಟರೆ ಮರಿಗಳು ಇಳಿದು ಗಿಡ ಹತ್ತಿಕೊಳ್ಳುತ್ತವೆ. ಇಷ್ಟಾದ ಮೇಲೂ ಬಳೆ ಹೂತೊಟ್ಟಿಗೆ ಏರುತ್ತಿದ್ದರೆ, ಸಂಜೆ ತಂಪಿನಲ್ಲಿ ಗಿಡದ ತುದಿಗೆ ಮಾತ್ರ ಬೇವಿನ ಔಷಧಿಯನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲಿ ಸಿಂಪಡಿಸಿ. ಮೈ ಮೆತ್ತಗಿರುವ ಮರಿಗಳು ಅದಕ್ಕೆ ಬೀಳುತ್ತವೆ.

ನಿಮ್ಮ ಕೈಯಲ್ಲಿರುವ ಇಮಿಡಾಕ್ಲೋಪ್ರಿಡ್ ತಿಗಣೆಯನ್ನು ಕೊಲ್ಲುತ್ತದೆ, ಸಂಶಯವಿಲ್ಲ. ಆದರೆ ಅದರ ವಿಷವನ್ನು ಜೀರ್ಣಿಸಿಕೊಳ್ಳಲು ಕಲಿತ ಬಿಳಿ ನೊಣಗಳು ಎಷ್ಟೋ ಕಡೆ ಇವೆ. ಕಾವಲುಗಾರ ಸತ್ತು ಕಳ್ಳ ಉಳಿದರೆ ಹದಿನೈದು ದಿನದಲ್ಲಿ ನೀವು ಇನ್ನೂ ಬಲವಾದ ಬಾಟಲಿ ಹುಡುಕುತ್ತೀರಿ. ಹೂವಿಗೆ ಬರುವ ಜೇನುಹುಳುಗಳ ಗತಿಯೂ ಅಷ್ಟೇ. ಬಾಟಲಿಯ ಸೀಲು ಒಡೆದಿರದಿದ್ದರೆ ಹಿಂತಿರುಗಿಸಲು ಸಂಕೋಚ ಬೇಡ. ಊಜಿ ಹುಳು ಕಾಣಿಸಿದರೆ ತಿಗಣೆಗೆ ತೊಂದರೆಯಾಗದ ಬಿಟಿ ಔಷಧಿ ಇದೆ, ಗಂಡು ಚಿಟ್ಟೆಯನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಇದೆ.

ಮುಂದಿನ ಬೆಳೆಗೆ ನನ್ನ ಸಲಹೆ ಎಳ್ಳೇ. ತಮಾಷೆಯಲ್ಲ. ಟೊಮೆಟೊ ಜೊತೆಗೆ ಎಳ್ಳಿನ ಗಿಡವಿದ್ದರೆ ಈ ತಿಗಣೆ ಎಳ್ಳಿನ ಮೇಲೇ ಹೆಚ್ಚು ನಿಲ್ಲುತ್ತದೆ, ಟೊಮೆಟೊ ಕಾಂಡದ ಬಳೆ ಕಡಿಮೆಯಾಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬೇಟೆಗೆ ಟೊಮೆಟೊ, ತಂಗಲು ಎಳ್ಳು. ಸುತ್ತಲಿನ ಬದುವಿನಲ್ಲಿ ಒಂದು ಸಾಲು, ಹದಿನೈದು ಇಪ್ಪತ್ತು ದಿನಗಳ ಅಂತರದಲ್ಲಿ ಎರಡು ಮೂರು ಸರ್ತಿ ಬಿತ್ತಿ. ಆಗ ಒಂದು ಒಣಗುವ ಹೊತ್ತಿಗೆ ಇನ್ನೊಂದು ಹಸಿರಾಗಿರುತ್ತದೆ. ಪಕ್ಕದ ಹೊಲದಲ್ಲಿ ಆದದ್ದು ಅದರ ಉಲ್ಟಾ: ಎಲ್ಲವನ್ನೂ ಒಂದೇ ದಿನ ಕಿತ್ತರು, ತಿಗಣೆಯ ದಂಡು ಒಂದೇ ದಿನ ನಿಮ್ಮ ಕಡೆ ಹೊರಟಿತು. ಅವರ ತಪ್ಪೇನೂ ಇಲ್ಲ, ಎಳ್ಳು ಬಲಿತರೆ ಕೀಳಲೇಬೇಕು.

ನಾಳೆ ಎಣಿಸಿದ ಇಪ್ಪತ್ತು ಗಿಡಗಳಿಗೆ ಬಣ್ಣದ ದಾರ ಕಟ್ಟಿಬಿಡಿ. ಐದು ದಿನ ಬಿಟ್ಟು ಅವೇ ಗಿಡಗಳನ್ನು ಮತ್ತೆ ಎಣಿಸಿ, ಎರಡೂ ದಿನದ ಸಂಖ್ಯೆಗಳನ್ನು ಬರೆದು ಕಳಿಸಿ. ಹಾಸನದ ಹತ್ತಿರದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವಾಗಲಿ ಮೂಡಿಗೆರೆಯದಾಗಲಿ, ಯಾವುದು ನಿಮಗೆ ಅನುಕೂಲವೋ ಅಲ್ಲಿಗೆ ನಾಲ್ಕು ತಿಗಣೆಗಳನ್ನು ಸ್ಪಿರಿಟ್ ಹಾಕಿದ ಸಣ್ಣ ಶೀಶೆಯಲ್ಲಿ ಒಯ್ದು ತೋರಿಸಿದರೆ ಗುರುತಿನ ಬಗ್ಗೆ ನನ್ನ ಮಾತೊಂದನ್ನೇ ನಂಬಬೇಕಾಗಿಲ್ಲ. ಮಗಳು ರಜೆಗೆ ಊರಿಗೆ ಬಂದಾಗ ಎಣಿಕೆಯನ್ನು ಅವಳಿಗೇ ವಹಿಸಿ. ಮಸೂರವನ್ನು ನೀವು ಹಿಡಿದುಕೊಳ್ಳಿ.